ಹಿರಿಯರ ಸೇವೆಗೂ ಓದು ಬೇಕು

ಬುಕ್ಕಾಂಬುಧಿಯಂಥ ಹಳ್ಳಿಗಳ ಮಕ್ಕಳು ಓದು, ಕೆಲಸವೆಂದು ಬೆಂಗಳೂರು ಸೇರಿದರೆ ಮನೆ, ತೋಟ ನೋಡಿಕೊಂಡು ಊರಲ್ಲಿ ಉಳಿಯುವವರು ವಯಸ್ಸಾದವರೇ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ ನೂರಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ 60 ದಾಟಿದ್ದರು. ನರ್ಸಿಂಗ್, ಸಮಾಜಕಾರ್ಯ, ಫಿಸಿಯೋಥೆರಪಿ ಓದುತ್ತಿರುವ ತಮ್ಮ-ತಂಗಿಯರೇ, ಜೆರಂಟಾಲಜಿ, ಅಂದರೆ ವೃದ್ಧಾಪ್ಯದ ಅಧ್ಯಯನದ ಕಡೆಗೂ ಒಮ್ಮೆ ಕಣ್ಣು ಹಾಯಿಸಿ.

ಪ್ರೀತಿಯೊಂದಿದ್ದರೆ ಸಾಕು ಎನ್ನಬೇಡಿ. ಅಜ್ಜಿ ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ ನಾವು ಅರಳುಮರಳು ಎಂದು ಸುಮ್ಮನಾಗುತ್ತೇವೆ. ಓದಿಕೊಂಡವರು ಮೂತ್ರದ ಸೋಂಕೋ, ನೀರು ಕಡಿಮೆಯಾಯಿತೋ, ಹೊಸ ಮಾತ್ರೆಯ ಪರಿಣಾಮವೋ ಎಂದು ಹುಡುಕುತ್ತಾರೆ. ಬಚ್ಚಲಿಗೆ ಹಿಡಿಕೆ ಹಾಕಿಸುತ್ತಾರೆ. ಮಂಕಾಗಿ ಕೂತವರಲ್ಲಿ ಖಿನ್ನತೆಯನ್ನು ಗುರುತಿಸುತ್ತಾರೆ.

ವೈದ್ಯರಿಗೆಂದೇ ಇಗ್ನೋ ವೃದ್ಧರ ಚಿಕಿತ್ಸೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ರೂಪಿಸಿದೆ. ಆರೈಕೆದಾರರ ತರಬೇತಿಗೆ ದೆಹಲಿಯ ರಾಷ್ಟ್ರೀಯ ಸಮಾಜ ರಕ್ಷಣಾ ಸಂಸ್ಥೆ ಇದೆ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇದೇ ಕ್ಷೇತ್ರದಲ್ಲಿ ದುಡಿಯುತ್ತಿದೆ. ಸೇರುವ ಮುನ್ನ ಕೋರ್ಸಿನ ಮಾನ್ಯತೆ, ಶುಲ್ಕ ವಿಚಾರಿಸಿ. ತಂದೆ-ತಾಯಿ, ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯನ್ನೂ ಹಿರಿಯರಿಗಾಗಿರುವ 14567 ಸಹಾಯವಾಣಿಯನ್ನೂ ತಿಳಿದಿರಿ.

ಕೆಲಸಕ್ಕೆ ಇಳಿದ ಮೇಲೆ, ಕರೆತಂದ ಮಗನನ್ನಲ್ಲ, ಎದುರು ಕೂತ ಹಿರಿಯರನ್ನೇ ಮೊದಲು ಮಾತಾಡಿಸಿ.