ಮಠಕ್ಕೆ ಒಪ್ಪಿಸಿದ ಮಕ್ಕಳು



ಮಧ್ಯಯುಗದ ಯುರೋಪಿನ ಜನರಿಗೆ ಬಾಲ್ಯವೆಂಬ ಕಲ್ಪನೆಯೇ ಇರಲಿಲ್ಲ ಎಂದು ಫ್ರಾನ್ಸಿನ ಇತಿಹಾಸಕಾರ ಫಿಲಿಪ್ ಏರಿಯೆಸ್ 1960ರಲ್ಲಿ ಬರೆದರು. ಅನಂತರದ ಸಂಶೋಧಕರಲ್ಲಿ ಹೆಚ್ಚಿನವರು ಇದನ್ನು ಒಪ್ಪಲಿಲ್ಲ. ಏಕೆಂಬುದನ್ನು ತಿಳಿಯಲು ಅಂದಿನ ಸನ್ಯಾಸಿ ಮಠಗಳೊಳಗೆ ಸ್ವಲ್ಪ ಇಣುಕೋಣ.

ಆಗ ತಂದೆತಾಯಿಗಳು ಚಿಕ್ಕ ಗಂಡುಮಕ್ಕಳನ್ನು ಮಠಕ್ಕೆ ಒಪ್ಪಿಸುತ್ತಿದ್ದರು. ಸಂತ ಬೆನೆಡಿಕ್ಟರ ನಿಯಮಾವಳಿಯ ಪ್ರಕಾರ ಮಗುವಿನ ಕೈಯನ್ನೂ ಒಪ್ಪಿಗೆ ಪತ್ರವನ್ನೂ ಬಲಿಪೀಠದ ವಸ್ತ್ರದಲ್ಲಿ ಸುತ್ತಿ ಅರ್ಪಿಸಬೇಕಿತ್ತು. ಹೀಗೆ ತಂದೆ ಒಪ್ಪಿಸಿದ ಮಗನೂ ಹಿಂದಿರುಗುವಂತಿಲ್ಲವೆಂದು 633ರಲ್ಲಿ ಸ್ಪೇನಿನ ತೊಲೆದೊ ಧರ್ಮಸಮ್ಮೇಳನ ವಿಧಿಸಿತು. ಹರಕೆ ಹೊತ್ತವರು ಹಿರಿಯರು, ಜೀವನವಿಡೀ ತೀರಿಸಬೇಕಾದವನು ಮಗ!

ಈ ಬಾಲಕರಿಗೆ ಬೆತ್ತದ ಏಟು ಸಾಮಾನ್ಯವಾಗಿತ್ತು. ಆದರೆ 11ನೇ ಶತಮಾನದ ಕ್ಲೂನಿ ಮಠದ ಕಟ್ಟಳೆಗಳನ್ನು ಗಮನಿಸಿ. ಶಿಕ್ಷಕನೊಬ್ಬನೇ ಬಾಲಕನೊಬ್ಬನ ಜೊತೆ ಇರಕೂಡದು, ಮೂರನೆಯವರು ಇರಲೇಬೇಕು. ರಾತ್ರಿ ಬಾಲಕನು ಹೊರಗೆ ಹೋಗಬೇಕಾದರೆ ಇನ್ನೊಬ್ಬ ಬಾಲಕ ಮತ್ತು ದೀಪ ಜೊತೆಗಿರಬೇಕು. ಅಪಾಯ ಮಠದೊಳಗೇ ಇರಬಹುದೆಂದು ಅವರು ಬಲ್ಲವರಾಗಿದ್ದರು. ಅದೇ ಶತಮಾನದಲ್ಲಿ ಸಂತ ಪೀಟರ್ ಡೇಮಿಯನ್ ಅವರು ಗುರುಗಳ ಲೈಂಗಿಕ ಪಾಪಗಳ ಕುರಿತು ಪೋಪ್ 9ನೇ ಲಿಯೋ ಅವರಿಗೆ ನೇರವಾಗಿ ಬರೆದರು. ಬಾಲಕರನ್ನು ಕೆಡಿಸಿದವನಿಗೆ ಬಹಿರಂಗ ಛಡಿಯೇಟು, ಆರು ತಿಂಗಳ ಸೆರೆ, ಆಮೇಲೂ ಕಾವಲು ಎನ್ನುವ ಹಳೆಯ ನಿಯಮವನ್ನು ನೆನಪಿಸಿದರು. ಪೋಪರು ಅವರನ್ನು ಮೆಚ್ಚಿಕೊಂಡರೂ ಅವರು ಬಯಸಿದಷ್ಟು ಕಠಿಣರಾಗಲಿಲ್ಲ. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ.

ಏಟಿನ ವಿಷಯಕ್ಕೆ ಬಂದರೆ, ಸಂತ ಆನ್ಸೆಲ್ಮರ ಪ್ರಸಂಗವೊಂದಿದೆ. ಮುಂದೆ 1093ರಲ್ಲಿ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾದ ಇವರು ಅದಕ್ಕೆ ಮೊದಲು ಫ್ರಾನ್ಸಿನ ಬೆಕ್ ಮಠದಲ್ಲಿದ್ದರು. ಇವರ ಶಿಷ್ಯ ಈಡ್ಮರ್ ಬರೆದಿಟ್ಟಂತೆ, ಮಠಾಧಿಪತಿಯೊಬ್ಬರು ಬಂದು ದೂರಿಕೊಂಡರು: ಹಗಲೂ ರಾತ್ರಿ ಹೊಡೆದರೂ ಹುಡುಗರು ಇನ್ನಷ್ಟು ಕೆಡುತ್ತಿದ್ದಾರೆ! ಅವರು ಬೆಳೆದು ಎಂಥವರಾಗುತ್ತಾರೆ ಎಂದು ಆನ್ಸೆಲ್ಮರು ಕೇಳಿದರು. ಮಂಕರು, ಪಶುಗಳಂಥವರು ಎಂದು ಉತ್ತರ ಬಂತು. ಆಗ ಆನ್ಸೆಲ್ಮರು, ತೋಟದಲ್ಲಿ ಗಿಡ ನೆಟ್ಟು ಕೊಂಬೆ ಚಾಚದಂತೆ ಸುತ್ತಲೂ ಬಿಗಿದುಬಿಟ್ಟರೆ ಕೆಲವು ವರ್ಷಗಳ ನಂತರ ಎಂಥ ಮರ ಸಿಕ್ಕೀತು ಎಂದರು. ಸೊಟ್ಟ ಮರ, ನಿಷ್ಪ್ರಯೋಜಕ. ತಪ್ಪು ಗಿಡದ್ದೋ, ಬಿಗಿದವರದ್ದೋ? ಮಠಾಧಿಪತಿಗಳು ಆನ್ಸೆಲ್ಮರ ಕಾಲಿಗೆರಗಿದರು.

ಹೀಗೆ ಮಕ್ಕಳನ್ನು ಒಪ್ಪಿಸುವ ಪದ್ಧತಿಯೂ ಮುಂದೆ ಕ್ಷೀಣಿಸಿತು. 12ನೇ ಶತಮಾನದಲ್ಲಿ ಸಿಸ್ಟರ್ಷಿಯನ್ ಮಠಗಳು ಹದಿನೈದು ತುಂಬದವರಿಗೆ ಸೇರಲು ಅವಕಾಶವಿಲ್ಲವೆಂದು ಗೊತ್ತುಮಾಡಿದವು.