ಬಂದೀತು ಎಂಬ ಮಾತು

ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಳೆಯನ್ನು ನೆಚ್ಚಿ ಬಾಳುವ ಬಯಲುಸೀಮೆ. ಕಡಲೆಕಾಯಿ ಬಿತ್ತುವ ಕಾಲ ಬಂತೆಂದರೆ ಇಲ್ಲಿಯ ಹಳ್ಳಿಗಳ ಅರಳಿಕಟ್ಟೆಯ ಮಾತೆಲ್ಲವೂ ಇನ್ನೂ ಆಗದಿರುವ ಸಂಗತಿಯನ್ನು ಕುರಿತದ್ದೇ. ಬೀಜ ಎಷ್ಟೋ ವೇಳೆ ಸಾಲದ ಹಣದಲ್ಲಿ ತಂದದ್ದು; ಮಣ್ಣಿಗೆ ಬಿದ್ದ ಮೇಲೆ ಅದು ಹಿಂದಕ್ಕೆ ಬಾರದು. ಆದುದರಿಂದ ಮಳೆಯ ವಿಷಯವಾಗಿ ಯಾರು ಏನೆಂದರು ಎಂಬುದಕ್ಕಿಂತ, ಹೇಗೆ ಎಂದರು ಎಂಬುದನ್ನು ರೈತನು ಕಿವಿಗೊಟ್ಟು ಕೇಳುತ್ತಾನೆ.

ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ 13 ಅಥವಾ 14 ದಿನಗಳನ್ನು ಒಂದೊಂದು ಮಳೆಯೆಂದು ಕರೆಯುವುದು ರೂಢಿ. ಪುನರ್ವಸು ಮಳೆ ಹುಟ್ಟುವುದು ಜುಲೈ ಮೊದಲ ವಾರದಲ್ಲಿ. "ಪುನರ್ವಸು ಬಂದೇ ಬರುತ್ತೆ" ಎಂದವನು ತನ್ನ ನಂಬಿಕೆಯನ್ನೇ ಒತ್ತೆಯಿಟ್ಟಿರುತ್ತಾನೆ. "ಬರೋ ಹಂಗೈತೆ" ಎಂದವನು ಮೋಡವನ್ನೋ ಗಾಳಿಯನ್ನೋ ಕಂಡಿರುತ್ತಾನೆ. ಕಣ್ಣಿಗೆ ಬಿದ್ದ ಗುರುತಿಲ್ಲದೆ ಈ ಮಾತು ಬಾಯಿಗೆ ಬಾರದು. "ಬರುತ್ತಂತೆ" ಎಂದರೆ ಹೊಣೆ ಆಡಿದವನದಲ್ಲ, ಬೇರೊಬ್ಬರದು. "ಬಂದರೆ ಬಂತು" ಎಂಬಲ್ಲಿ ಆಸೆ ಬಹುಮಟ್ಟಿಗೆ ಬತ್ತಿದೆ. ಪಾವಗಡದ ಮೂರು ಕಡೆಯೂ ಆಂಧ್ರದ ನೆಲ. ಅಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. "ವಾನ ವಸ್ತುಂದೇಮೋ" ಎಂದು ಅವರೆಂದರೆ, ಪಕ್ಕದ ಮನೆಯವರು "ಮಳೆ ಬರುತ್ತೇನೋ" ಎನ್ನುತ್ತಾರೆ. ಭಾಷೆ ಎರಡಾದರೂ ಅನುಮಾನ ಒಂದೇ.

ಇವೆಲ್ಲಕ್ಕಿಂತ ಸೂಕ್ಷ್ಮವಾದ ರೂಪ "ಬಂದೀತು". ವೈಯಾಕರಣರು ಇದನ್ನು ಸಂಭಾವನಾರ್ಥಕ ಕ್ರಿಯಾಪದವೆನ್ನುತ್ತಾರೆ. ಬಂದು, ಒಡೆದು ಎಂಬ ಆಗಿಹೋದುದರ ರೂಪಗಳಲ್ಲಿ ಕಾಣುವ ಅಂಗದ ಮೇಲೆಯೇ ಬಂದೀತು, ಒಡೆದೀತು ಎಂಬ ಮುಂದಣ ಊಹೆಯ ಮಾತುಗಳು ನಿಂತಿರುವುದನ್ನು ಗಮನಿಸಿರಿ. ಜುಲೈ ತಿಂಗಳಲ್ಲಿ "ಮಳೆ ಬಂದೀತು" ಎಂದರೆ ಅದು ಆಸೆ. ನವೆಂಬರಿನಲ್ಲಿ, ಕಿತ್ತ ಕಡಲೆಗಿಡ ಹೊಲದಲ್ಲಿ ಹರಡಿರುವಾಗ, ಅದೇ ಮಾತು ಭಯ. ನೆಂದರೆ ಕಾಯಿ ಮೊಳೆತು ಕೆಡುತ್ತದೆ. ಒಂದಕ್ಷರವೂ ಬದಲಾಗಿಲ್ಲ! "ಬರಬಹುದು" ಎಂಬುದಕ್ಕೆ ಈ ಗುಣವಿಲ್ಲ. ಅದು ಮಳೆಗೂ ಸಲ್ಲುತ್ತದೆ, ತರಗತಿಯ ಬಾಗಿಲಲ್ಲಿ ನಿಂತ ಹುಡುಗನಿಗೆ ಕೊಡುವ ಅನುಮತಿಗೂ ಸಲ್ಲುತ್ತದೆ.

ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದುದು 1875ರಲ್ಲಿ. 1886ರಲ್ಲಿ ಅದು ಮುಂಗಾರಿನ ಮೊದಲ ದೀರ್ಘಾವಧಿ ಮುನ್ಸೂಚನೆಯನ್ನು ಹೊರಡಿಸಿತು. ಇಂದು ಉಪಗ್ರಹಗಳ ನೆರವೂ ಇದೆ. ಆ ಸೂಚನೆಯನ್ನು ರೈತನು ಕಡೆಗಣಿಸಲಾಗದು. ಆದರೆ "ಮಳೆಯಾಗುವ ಸಾಧ್ಯತೆ ಇದೆ" ಎಂಬ ವಾಕ್ಯದ ಹಿಂದೆ ಆಡುವ ಮನುಷ್ಯ ಕಾಣುವುದಿಲ್ಲ. ಹುಡುಗರ ಪ್ರಬಂಧಗಳಲ್ಲಿಯೂ ಈಗ "ಬರುತ್ತದೆ", "ಸಾಧ್ಯತೆ ಇದೆ" ಎಂಬ ಎರಡೇ ರೂಪಗಳು ಮೆರೆಯುತ್ತಿವೆ. ಅಜ್ಜಿಯ ಬಾಯಲ್ಲಿರುವುದು ಮೊಮ್ಮಗನ ಲೇಖನಿಗೆ ಏಕೆ ಬಾರದೋ!

ಕಟ್ಟೆಯ ಮೇಲಿನ ಹಿರಿಯರನ್ನು ತರುಣನೊಬ್ಬ ಕೇಳುತ್ತಾನೆ ಎನ್ನೋಣ: "ತಾತ, ಬೀಜ ಬಿತ್ತಲಾ?"

ಮುಗಿಲನ್ನೊಮ್ಮೆ ನೋಡಿ ಅವರೆನ್ನುತ್ತಾರೆ: "ಬಂದೀತು ಕಣಪ್ಪ. ಅರ್ಧ ಬಿತ್ತು, ಇನ್ನರ್ಧ ಮಡಿಕ್ಕೊ."