ಶರತ್ಕಾಲದ ಊರ ಸುದ್ದಿ ಕೊನೆಯ ಮನೆಗೂ ತಲುಪಲಿ

ಮಾನ್ಯ ಗ್ರಾಮ ಪಂಚಾಯತಿ ಸದಸ್ಯರೇ,

ಆಶ್ವಯುಜ ಮತ್ತು ಕಾರ್ತಿಕ ಮಾಸಗಳು ಸಿಂಧನೂರು, ಮಸ್ಕಿ ಹಾಗೂ ಲಿಂಗಸುಗೂರು ತಾಲ್ಲೂಕುಗಳ ಗ್ರಾಮಗಳಿಗೆ ಬಿಡುವಿಲ್ಲದ ಕಾಲ. ಮಹಾನವಮಿಯಲ್ಲಿ ಬನ್ನಿ ಹಂಚಿಕೊಂಡು, ಸೀಗಿ ಹುಣ್ಣಿಮೆಯಂದು ಹೊಲದಲ್ಲಿ ಚರಗ ಚೆಲ್ಲಿ ಬರುವಷ್ಟರಲ್ಲಿ ಕಾಲುವೆ ಪ್ರದೇಶದ ಭತ್ತ ತೆನೆ ಬಾಗಿರುತ್ತದೆ. ಮಳೆಯಾಶ್ರಿತ ಕಪ್ಪು ಭೂಮಿಯಲ್ಲಿ ಹಿಂಗಾರಿ ಜೋಳ ಮತ್ತು ಕಡಲೆಯ ಬಿತ್ತನೆ ಸಾಗಿರುತ್ತದೆ. ಹತ್ತಿ ಬಿಡಿಸುವ ಕೆಲಸಕ್ಕೆ ಮಹಿಳೆಯರು ಬೆಳಗಿನಲ್ಲೇ ಹೊಲ ಸೇರುತ್ತಾರೆ. ದೀಪಾವಳಿ ಕಳೆದ ಮೇಲೆ ಕೆಲವು ಮನೆಗಳಿಗೆ ಬೀಗ ಬೀಳುತ್ತದೆ. ಆ ಕುಟುಂಬಗಳು ದುಡಿಮೆ ಅರಸಿ ಗುಳೆ ಹೋಗಿರುತ್ತವೆ.

ಎರಡನೇ ಬೆಳೆಗೆ ನೀರು ಉಂಟೇ? ಕಾಲುವೆ ಎಂದು ನಿಲ್ಲುತ್ತದೆ? ಊರಿನಲ್ಲಿ ಕೆಲಸ ದೊರೆಯುವುದೇ? ಈ ಪ್ರಶ್ನೆಗಳಿಗೆ ಸಕಾಲದಲ್ಲಿ ಉತ್ತರ ದೊರೆತ ಕುಟುಂಬ ಸರಿಯಾಗಿ ತೀರ್ಮಾನಿಸುತ್ತದೆ. ದೊರೆಯದ ಕುಟುಂಬ ನಷ್ಟ ಅನುಭವಿಸುತ್ತದೆ. ಆದ್ದರಿಂದ ನಿಖರವಾದ ಸುದ್ದಿಯನ್ನು ಪ್ರತಿ ಮನೆಗೆ ತಲುಪಿಸುವುದೂ ಊರಿನ ಸುದ್ದಿಯನ್ನು ಕಚೇರಿಗೆ ಮುಟ್ಟಿಸುವುದೂ ಸದಸ್ಯರ ಮುಖ್ಯ ಕರ್ತವ್ಯ. ಅದನ್ನು ನಿರ್ವಹಿಸುವ ಕ್ರಮವೇ ಈ ಪಾಠದ ವಿಷಯ.

1. ಮಸ್ಕಿಯ ಬಂಡೆಯ ಪಾಠ

ಸಾರ್ವಜನಿಕ ಪ್ರಕಟಣೆಯ ಪರಂಪರೆ ನಮ್ಮ ಜಿಲ್ಲೆಗೆ ಹೊಸದಲ್ಲ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಅವರು ಗುರುತಿಸಿದ ಮಸ್ಕಿಯ ಶಿಲಾಶಾಸನವು ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವುದರಿಂದ ಪ್ರಸಿದ್ಧವಾಗಿದೆ. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ದೊರೆಯುತ್ತದೆ; ಈ ಮಾತನ್ನು ಇಬ್ಬರಿಗೂ ತಿಳಿಸಬೇಕು ಎಂಬುದು ಅದರ ಆಶಯ. ಅಶೋಕನ ಬೇರೆ ಕೆಲವು ಶಾಸನಗಳು ತಮ್ಮನ್ನು ಗೊತ್ತಾದ ದಿನಗಳಲ್ಲಿ ಜನರಿಗೆ ಓದಿ ಹೇಳಬೇಕೆಂದೂ ವಿಧಿಸಿವೆ. ಕಲ್ಲಿನಲ್ಲಿ ಕೆತ್ತಿಸಿದ ಅರಸನೇ ಅಷ್ಟಕ್ಕೆ ತೃಪ್ತನಾಗಲಿಲ್ಲ. ಸೂಚನಾ ಫಲಕಕ್ಕೆ ಹಾಳೆ ಅಂಟಿಸಿದ ಮಾತ್ರಕ್ಕೆ ನಮ್ಮ ಕರ್ತವ್ಯವೂ ಮುಗಿಯದು.

2. ನೀರಿನ ಸುದ್ದಿ

ತುಂಗಭದ್ರಾ ಎಡದಂಡೆ ಕಾಲುವೆಗೆ ಎಂದಿನವರೆಗೆ ನೀರು ಹರಿಸಬೇಕೆಂಬುದನ್ನು ನೀರಾವರಿ ಸಲಹಾ ಸಮಿತಿಯ ಸಭೆ ನಿರ್ಧರಿಸುತ್ತದೆ. ಸಭೆಗೆ ಮುನ್ನವೇ ಊರಿನಲ್ಲಿ ಊಹಾಪೋಹ ಹಬ್ಬುತ್ತದೆ. ಅದನ್ನು ನಂಬಿ ಸಸಿಮಡಿ ಹಾಕಿದ ಲಾವಣಿ ರೈತನು ಬೀಜ, ಗೊಬ್ಬರ ಮತ್ತು ಲಾವಣಿಯ ಹಣ ಮೂರನ್ನೂ ಕಳೆದುಕೊಳ್ಳಬಹುದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಅಪಾರ ನೀರು ನದಿಗೆ ಹರಿಯಿತು. ಮೊದಲ ಬೆಳೆಯೇ ಕೈತಪ್ಪುವುದೆಂಬ ಆತಂಕ ಎಲ್ಲೆಡೆ ಹರಡಿತ್ತು. ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಅಳವಡಿಸಲಾಯಿತು. ಬಳಿಕ ಸುರಿದ ಮಳೆಯಿಂದ ಜಲಾಶಯ ಮತ್ತೆ ತುಂಬಿತು. ಆಗಸ್ಟ್ ನಡುವಿನಲ್ಲಿ ನಿಜವಾಗಿದ್ದ ಸುದ್ದಿ ಸೆಪ್ಟೆಂಬರಿನಲ್ಲಿ ನಿಜವಾಗಿರಲಿಲ್ಲ. ದಿನಾಂಕವಿಲ್ಲದ ಸುದ್ದಿಯನ್ನು ಹರಡಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಕಾಲುವೆ ನಿಲ್ಲುವ ದಿನ ಬೆಳೆಗೆ ಮಾತ್ರ ಸಂಬಂಧಿಸಿದ್ದಲ್ಲ. ಕಾಲುವೆ ನೀರಿನಿಂದ ಕುಡಿಯುವ ನೀರಿನ ಕೆರೆ ತುಂಬಿಸಿಕೊಳ್ಳುವ ಗ್ರಾಮಗಳಿಗೆ ಅದೇ ಕೊನೆಯ ಅವಕಾಶ. ಆ ದಿನದೊಳಗೆ ಕೆರೆ ತುಂಬದಿದ್ದರೆ ಬೇಸಿಗೆಯಲ್ಲಿ ಟ್ಯಾಂಕರ್ ಕಾಯಬೇಕಾಗುತ್ತದೆ. ನೀರುಗಂಟಿಯೊಡನೆ ಸ್ಥಳಕ್ಕೆ ತೆರಳಿ ಕೆರೆಯ ಮಟ್ಟ, ತೂಬು ಮತ್ತು ಏರಿಯನ್ನು ಮುಂಚೆಯೇ ಪರಿಶೀಲಿಸಿ. ಕೊರತೆಯನ್ನು ಅಭಿವೃದ್ಧಿ ಅಧಿಕಾರಿಗೆ ಬರಹದಲ್ಲಿ ತಿಳಿಸಿ.

3. ಬೆಳೆಯ ಸುದ್ದಿ

ಕೊಯ್ಲಿನ ವೇಳೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಅಕಾಲಿಕ ಮಳೆ ಬೀಳುವುದುಂಟು. ಫಸಲ್ ಬಿಮಾ ಯೋಜನೆಯಡಿ ವಿಮೆ ಮಾಡಿಸಿದ ಅಧಿಸೂಚಿತ ಬೆಳೆಯನ್ನು ಕೊಯ್ದು ಹೊಲದಲ್ಲೇ ಒಣಗಲು ಹರಡಿದ್ದಾಗ, 14 ದಿನಗಳೊಳಗೆ ಇಂತಹ ಮಳೆಯಿಂದ ಹಾನಿಯಾದರೆ ಪರಿಹಾರ ಕೋರಬಹುದು. ಆದರೆ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕು. ಸಹಾಯವಾಣಿ ಸಂಖ್ಯೆ 14447. ವಿಮಾ ಸಂಸ್ಥೆ, ಬ್ಯಾಂಕ್ ಅಥವಾ ಕೃಷಿ ಇಲಾಖೆಗೂ ತಿಳಿಸಬಹುದು. ಈ ಸಂಖ್ಯೆ ಮತ್ತು ಅವಧಿಯನ್ನು ಮಳೆ ಬಂದ ಮೇಲೆ ಸಾರಿದರೆ ಪ್ರಯೋಜನ ಅಲ್ಪ. ಕೊಯ್ಲು ಆರಂಭವಾಗುವ ಮುನ್ನವೇ ಸಾರಬೇಕು.

4. ಗುಳೆಯ ಸುದ್ದಿ

ಇದು ಊರಿನಿಂದ ಕಚೇರಿಗೆ ಬರಬೇಕಾದ ಸುದ್ದಿ. ತಮ್ಮ ವಾರ್ಡಿನಲ್ಲಿ ಹೊರಡಲು ಸಿದ್ಧವಾಗಿರುವ ಕುಟುಂಬಗಳನ್ನು ಸದಸ್ಯರು ಮುಂಚೆಯೇ ಭೇಟಿ ಮಾಡಬೇಕು. ಉದ್ಯೋಗ ಖಾತರಿಯ ಕೆಲಸ ಬೇಕೆಂದರೆ ಅರ್ಜಿ ಕೊಡಿಸಿ, ದಿನಾಂಕವಿರುವ ರಸೀದಿ ಪಡೆಯಲು ನೆರವಾಗಬೇಕು. ಹೊರಡುವುದೇ ಅನಿವಾರ್ಯವಾದರೆ ಶಾಲೆಯ ಮಕ್ಕಳು ಯಾರ ಬಳಿ ಉಳಿಯುತ್ತಾರೆ, ವೃದ್ಧರನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮುಖ್ಯ ಶಿಕ್ಷಕರಿಗೂ ಅಂಗನವಾಡಿ ಕಾರ್ಯಕರ್ತೆಗೂ ತಿಳಿಸಬೇಕು. ಮನೆಗೆ ಬೀಗ ಬಿದ್ದ ಮೇಲೆ ಮಾಡುವ ಸಮೀಕ್ಷೆ ಎಣಿಕೆಗಷ್ಟೇ ಸೀಮಿತವಾಗುತ್ತದೆ.

5. ಪ್ರಕಟಣೆಯ ಕ್ರಮ

ಪ್ರತಿ ಪ್ರಕಟಣೆಯಲ್ಲಿ ನಾಲ್ಕು ಅಂಶಗಳಿರಲಿ: ತಿಳಿಸಿದವರು ಯಾರು, ಯಾವ ದಿನಾಂಕದ ಮಾಹಿತಿ, ಯಾರಿಗೆ ಸಂಬಂಧಿಸಿದ್ದು, ಅವರು ಏನು ಮಾಡಬೇಕು.

ಅಪೂರ್ಣ ಪ್ರಕಟಣೆ: “ಕಾಲುವೆ ನೀರು ಶೀಘ್ರದಲ್ಲೇ ನಿಲ್ಲಲಿದೆ. ಸಾರ್ವಜನಿಕರು ಸಹಕರಿಸಬೇಕು.”

ಪೂರ್ಣ ಪ್ರಕಟಣೆ: “ನೀರಾವರಿ ಇಲಾಖೆಯ (ದಿನಾಂಕ) ಪತ್ರದಂತೆ (ದಿನಾಂಕ)ರಂದು ಕಾಲುವೆ ನೀರು ನಿಲ್ಲುತ್ತದೆ. ಅಲ್ಲಿಯವರೆಗೆ ನಮ್ಮ ಊರಿನ ಕೆರೆ ತುಂಬಿಸಲಾಗುವುದು. ರೈತರು ಕೆರೆಯ ತೂಬಿಗೆ ಹೋಗುವ ನೀರನ್ನು ತಡೆಯಬಾರದು. ಸಂದೇಹವಿದ್ದವರು ನೀರುಗಂಟಿಯನ್ನು ಕೇಳಬಹುದು.”

ಫಲಕದಲ್ಲಿ ಹಾಕಿದ್ದನ್ನು ಡಂಗುರದಲ್ಲೂ ಸ್ವಚ್ಛವಾಹಿನಿಯ ಧ್ವನಿವರ್ಧಕದಲ್ಲೂ ಸಾರಿಸಿ. ಅರಿವು ಕೇಂದ್ರದಲ್ಲಿಯೂ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿಯೂ ಓದಿಸಿ. ಹೊಲದ ಕೆಲಸಕ್ಕೆ ಹೋಗುವವರು ಹಗಲು ಮನೆಯಲ್ಲಿರುವುದಿಲ್ಲ; ಸಂಜೆ ಏಳರ ನಂತರದ ಡಂಗುರವೇ ಅವರಿಗೆ ತಲುಪುತ್ತದೆ. ಕ್ಯಾಂಪುಗಳು, ತಾಂಡಾಗಳು ಮತ್ತು ಹೊಲಗಳಲ್ಲಿನ ಒಂಟಿ ಮನೆಗಳು ಬಿಟ್ಟುಹೋಗದಂತೆ ಎಚ್ಚರ ವಹಿಸಿ.

6. ಚರ್ಚೆ ಮತ್ತು ಅಭ್ಯಾಸ

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸಿ ನಡಾವಳಿಯಲ್ಲಿ ದಾಖಲಿಸಬೇಕು:

1. ಕಳೆದ ಪ್ರಕಟಣೆ ತಲುಪದ ಓಣಿಗಳು ಯಾವುವು? ಕಾರಣವೇನು?
2. ನಮ್ಮ ಕೆರೆಯಲ್ಲಿ ಇಂದಿರುವ ನೀರು ಎಷ್ಟು ತಿಂಗಳಿಗೆ ಸಾಕು?
3. ಗುಳೆ ಹೊರಡುವ ಕುಟುಂಬಗಳ ಮಾಹಿತಿಯನ್ನು ಪ್ರತಿ ವಾರ್ಡಿನಲ್ಲಿ ಯಾರು ಸಂಗ್ರಹಿಸುತ್ತಾರೆ?

ಪ್ರಕಟಣೆ ಹೊರಡಿಸಿದ ಮರುದಿನ ಪ್ರತಿ ಸದಸ್ಯರು ತಮ್ಮ ವಾರ್ಡಿನ ಕೊನೆಯ ಮನೆಗೆ ಹೋಗಿ, ಸುದ್ದಿ ಮುಟ್ಟಿತೇ ಎಂದು ವಿಚಾರಿಸಬೇಕು. ಆ ಮನೆಯವರು ದಿನಾಂಕವನ್ನು ಸರಿಯಾಗಿ ಹೇಳಿದರೆ ಪ್ರಕಟಣೆ ಯಶಸ್ವಿಯಾಯಿತೆಂದು ತಿಳಿಯಬಹುದು. ಹೇಳದಿದ್ದರೆ ಅಂದೇ ಸಂಜೆ ಮತ್ತೊಮ್ಮೆ ಡಂಗುರ ಸಾರಿಸತಕ್ಕದ್ದು.